ವಾರಿಜಕ್ಕ ಹುಡುಕಿಕೊಟ್ಟ ರೂಮು

ವಾರಿಜಕ್ಕನ ಮನೆಗೆ ಬೀಗ ಇರುತ್ತಿದ್ದದ್ದು ಒಳಗಿನಿಂದ. ಠಾಣೆ ಊರಿನ ವರ್ತಕ ನಗರದ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಅವರದು ನಮ್ಮ ಎದುರು ಮನೆ. ಮರದ ಬಾಗಿಲು ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತಿತ್ತು. ಅದರ ಹೊರಗಿನ ಕಬ್ಬಿಣದ ಜಾಲರಿಯ ಬಾಗಿಲಿಗೆ ಮಾತ್ರ ದೊಡ್ಡದೊಂದು ಬೀಗ. ಕೀಲಿಕೈ ಅವರ ಸೊಂಟದಲ್ಲಿ. ಕೊತ್ತಂಬರಿ ಕಟ್ಟು, ಪೇಪರು, ಮಾತ್ರೆ ಎಲ್ಲವೂ ಜಾಲರಿಯ ಸಂದಿಯಿಂದಲೇ ಒಳಗೆ ಹೋಗುತ್ತಿದ್ದವು. ಮಾತೂ ಅಷ್ಟೇ.

ಬೀಗ ಅವರ ಗಂಡನಿಗಾಗಿ. ರಾಯರು ನೌಪಾಡಾದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದವರು. ನಿವೃತ್ತರಾದ ಮೇಲೆ ನೆನಪು ಒಂದೊಂದಾಗಿ ಹೋಯಿತು. ಹೆಂಡತಿಯ ಹೆಸರು ಮರೆತರು, ಉಡುಪಿಯ ಮನೆ ಮರೆತರು. ಹೋಟೆಲ್ ತೆಗೆಯುವ ಕೆಲಸವೊಂದನ್ನು ಮಾತ್ರ ಮರೆಯಲಿಲ್ಲ. ದಿನಕ್ಕೆ ಹತ್ತು ಸಲ ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದು, "ಹಾಲಿನವ ಬಂದಿರ್ತಾನೆ, ಬಾಗಿಲು ತೆಗಿ" ಎನ್ನುವರು. ಒಮ್ಮೆ ಹಾಗೆಯೇ ಇಳಿದು ಹೋದವರು ಎರಡು ದಿನದ ಮೇಲೆ ಕಲ್ಯಾಣ್ ಸ್ಟೇಷನ್ನಿನಲ್ಲಿ ಸಿಕ್ಕರು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬೀಗ ಬಂದದ್ದು ಆಮೇಲೆ.

ಅದಕ್ಕೆ ಮೊದಲು ವಾರಿಜಕ್ಕ ಹದಿನಾಲ್ಕು ವರ್ಷ ನೌಪಾಡಾದ ಒಂದು ಟ್ರಾವೆಲ್ ಆಫೀಸಿನಲ್ಲಿ ದುಡಿದಿದ್ದರು. ಊರವರನ್ನೆಲ್ಲ ವಿಮಾನ ಹತ್ತಿಸಿದ ಅವರು ತಾವು ಒಮ್ಮೆಯೂ ಹತ್ತಿರಲಿಲ್ಲ. ಕೆಲಸ ಬಿಟ್ಟರೂ ಹಳೆಯ ಅಭ್ಯಾಸ ಬಿಡಲಿಲ್ಲ. ನಮ್ಮ ಕಡೆಯವರು ಯಾರೇ ಪರದೇಶಕ್ಕೆ ಹೊರಡಲಿ, ಇಂಟರ್‌ವ್ಯೂಗೋ ಬಾಣಂತನಕ್ಕೋ, ಆ ಜಾಲರಿಯ ಮುಂದೆ ಬಂದು ನಿಲ್ಲುವರು. ವಾರಿಜಕ್ಕ ಒಳಗಡೆ ಸ್ಟೂಲಿನ ಮೇಲೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಫೋನಿನಲ್ಲಿ ರೂಮು ಹುಡುಕುವರು. ಅವರಿಗೆ ಫೋಟೋಗಳ ಮೇಲೆ ಕಿಂಚಿತ್ತೂ ನಂಬಿಕೆ ಇರಲಿಲ್ಲ.

"ಫೋಟೋ ಮದುವೆ ಹುಡುಗಿದ್ದು ತೆಗೆದ ಹಾಗೆ ತೆಗೀತಾರೆ ಮಾರಾಯ್ತಿ. ಉಳ್ಕೊಂಡು ಬಂದವರು ಬೈದದ್ದನ್ನು ಓದ್ಬೇಕು. ಹೊಗಳಿದ್ದು ಬೇಡ, ಬೈದದ್ದು ಮಾತ್ರ."

ಸ್ನಾನದ ಮನೆ ರೂಮಿನ ಒಳಗೋ ಹೊರಗೋ, ಗಂಜಿ ಬೇಯಿಸಲು ಒಲೆ ಉಂಟೋ ಇಲ್ಲವೋ, ಎಲ್ಲ ಕೇಳಿ ಕೊನೆಗೆ, "ಕಿಟಕಿ ಉಂಟಾ ಅಂತ ಕೇಳದೆ ರೂಮು ತಗೊಳ್ಬೇಡ" ಎನ್ನುವರು. ಇದನ್ನು ಎಲ್ಲರಿಗೂ ಹೇಳುತ್ತಿದ್ದರು. ನನಗೂ ಹೇಳಿದ್ದರು. ನಾನು ಕೇಳಲಿಲ್ಲ.

ನನ್ನ ತಮ್ಮ ಪ್ರಕಾಶ ಲಂಡನ್ನಿನ ಒಂದು ಹೋಟೆಲಿನಲ್ಲಿ ಅಡುಗೆಯವನು. ಅಡುಗೆಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಅಲ್ಲಿ ಅವನಿಗೆ ನಮ್ಮವರೆಂದು ಯಾರೂ ಇರಲಿಲ್ಲ. ಬೇರೆ ನಾಲ್ವರು ಕೆಲಸಗಾರರ ಜೊತೆ ಒಂದೇ ಕೋಣೆಯಲ್ಲಿ ಇರುತ್ತಿದ್ದವನು, ನನ್ನನ್ನು ಅಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ನಾನು ಕಲಿಸುವ ಶಾಲೆಗೆ ಬೇಸಿಗೆ ರಜೆ. ವೀಸಾ ಸಿಕ್ಕಿದ್ದೇ ಹೊರಟೆ. ವಾರಿಜಕ್ಕ ಎರಡು ದಿನ ಕಾಯಲು ಹೇಳಿದ್ದರು. ನನಗೆ ತಾಳ್ಮೆ ಎಲ್ಲಿತ್ತು? ಎಲ್ಲಕ್ಕಿಂತ ಅಗ್ಗದ್ದೊಂದನ್ನು, ಬಿಳಿ ಪರದೆಯ ಫೋಟೋ ನೋಡಿ, ನಾನೇ ಬುಕ್ ಮಾಡಿದೆ.

ರೂಮು ನೆಲಮಾಳಿಗೆಯಲ್ಲಿತ್ತು. ಮಂಚ ಇಟ್ಟ ಮೇಲೆ ಉಳಿದದ್ದು ನನ್ನ ಪೆಟ್ಟಿಗೆಯಷ್ಟು ಜಾಗ. ಬಿಳಿ ಪರದೆ ಇತ್ತು. ಸರಿಸಿದರೆ ಹಿಂದೆ ಗೋಡೆ. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೊರಡಲೆಂದು ಹಿಡಿ ತಿರುಗಿಸಿದೆ. ಬಾಗಿಲು ತೆರೆಯಲಿಲ್ಲ. ಕಾರ್ಡಿನಿಂದ ತೆರೆಯುವ ಬೀಗ ಒಳಗೇ ಕಚ್ಚಿಕೊಂಡುಬಿಟ್ಟಿತ್ತು. ತಟ್ಟಿದೆ, ಕೂಗಿದೆ. ಅಲ್ಲಿ ನೋಡಿಕೊಳ್ಳುವವರೇ ಇಲ್ಲ. ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರೆ ಮೊದಲೇ ಮುದ್ರಿಸಿಟ್ಟ ದನಿ. ಹನ್ನೊಂದಕ್ಕೆ ತಮ್ಮನ ಎರಡನೇ ಆಪರೇಷನ್. ಅವನು ಒಳಗೆ ಹೋಗುವ ಮೊದಲು ನನ್ನ ಮುಖ ನೋಡಬೇಕು ಎಂದಿದ್ದ. ಗೋಡೆಗಳು ಹತ್ತಿರ ಬಂದ ಹಾಗಾಯಿತು. ಯಾರಿಗೆ ಫೋನ್ ಮಾಡುವುದೆಂದು ಯೋಚಿಸಲೇ ಇಲ್ಲ, ಬೆರಳು ವಾರಿಜಕ್ಕನ ನಂಬರನ್ನೇ ಒತ್ತಿತು.

ಠಾಣೆಯಲ್ಲಿ ಆಗ ಮಧ್ಯಾಹ್ನ. ರಾಯರು ಉಂಡು ಮಲಗಿದ್ದರಂತೆ. ನಾನು ಅಳುತ್ತಾ ಹೇಳಿದ್ದನ್ನು ಪೂರ್ತಿ ಕೇಳಿ ವಾರಿಜಕ್ಕ, "ಮೊದಲು ಬಾಗಿಲಿನ ಹತ್ತಿರ ನೆಲದಲ್ಲಿ ಕೂತ್ಕೋ. ಸಂದಿಯಿಂದ ಗಾಳಿ ಬರ್ತದೆ. ನೀರು ಉಂಟಾ?" ಎಂದರು.

"ಅರ್ಧ ಬಾಟಲಿ ಇದೆ."

"ಸಾಕು. ಆ ಜಾಗದ ಹೆಸರು ಸರಿಯಾಗಿ ಹೇಳು. ಹತ್ತು ನಿಮಿಷ ಕೊಡು ನಂಗೆ."

ಏಳೇ ನಿಮಿಷಕ್ಕೆ ಫೋನ್ ಬಂತು. ಅಲ್ಲಿ ಉಳಿದುಕೊಂಡು ಹೋದವರು ಬೈದದ್ದನ್ನೆಲ್ಲ ಓದಿದ್ದರು. ಯಾರೋ ಒಬ್ಬರು ಹೀಗೇ ಸಿಕ್ಕಿಬಿದ್ದಿದ್ದರಂತೆ. ಮೇಲಿನ ಮಹಡಿಯಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟವನ ಹತ್ತಿರ ಇನ್ನೊಂದು ಕೀಲಿ ಇದೆಯೆಂದು ಬರೆದಿದ್ದರಂತೆ. ವಾರಿಜಕ್ಕ ಆ ಅಂಗಡಿಯ ನಂಬರು ಹುಡುಕಿ, ತಮ್ಮ ಆಫೀಸ್ ಇಂಗ್ಲಿಷಿನಲ್ಲಿ ಅವನನ್ನು ಗದರಿಸಿಯೂ ಆಗಿತ್ತು. ಅವನು ಬೇರೆ ಕಡೆ ಇದ್ದ, ಬರಲು ಒಂದು ಗಂಟೆ ಬೇಕಿತ್ತು.

"ಅಷ್ಟು ಹೊತ್ತು ನಾನು ಇಲ್ಲಿ ಇರಲಾರೆ ವಾರಿಜಕ್ಕ."

"ಇರ್ತೀ. ನಾನೂ ಇದ್ದೇನಲ್ಲ, ಇಲ್ಲಿ ಒಳಗೇ. ಮಾತಾಡುವ."

ಆ ಒಂದು ಗಂಟೆಯಲ್ಲಿ ಅವರು ಹೇಳಿದ್ದನ್ನು, ಎದುರು ಮನೆಯಲ್ಲಿ ಇದ್ದ ಅಷ್ಟು ವರ್ಷಗಳಲ್ಲಿ ಹೇಳಿರಲಿಲ್ಲ. ಬೀಗ ಹಾಕಿದ ಮೊದಲ ತಿಂಗಳು ತಾನೂ ಹೀಗೇ ಬಾಗಿಲಿನ ಹತ್ತಿರ ಕೂತಿರುತ್ತಿದ್ದೆ ಎಂದರು. ಒಂದು ದಿನ ರಾಯರ ಕೈಗೆ ಕೀಲಿ ಕೊಟ್ಟುಬಿಡುವ ಅಂತ ಕಂಡಿತ್ತಂತೆ. "ಹೋಗಿ, ನಿಮ್ಮ ಹೋಟೆಲ್ ತೆಗೀರಿ, ನಂಗೆ ಸಾಕಾಯ್ತು ಅಂತ. ಕೀ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ ಶಾಲಿನಿ. ಅವ್ರು ನನ್ನನ್ನು ನೋಡಿ, ನೀವು ಯಾರು, ಊಟ ಆಯ್ತಾ ಅಂತ ಕೇಳಿದ್ರು. ಮತ್ತೆ ಕೊಡ್ಲಿಕ್ಕೆ ಆಗ್ಲಿಲ್ಲ." ಆಮೇಲೆ, "ನಂಗೆ ಇದು ಆರನೇ ವರ್ಷ. ನಿಂಗೆ ಇನ್ನು ಇಪ್ಪತ್ತು ನಿಮಿಷ ಅಷ್ಟೆ" ಎಂದು ನಕ್ಕರು. ನನಗೂ ನಗು ಬಂತು, ಅಳುವಿನ ನಡುವೆಯೇ.

ಬಾಗಿಲು ತೆರೆಯಿತು. ಓಡಿದೆ. ಪ್ರಕಾಶನನ್ನು ಒಳಗೆ ಕರೆದೊಯ್ಯುವಾಗ ಅವನ ಕೈ ಹಿಡಿಯಲು ಸಿಕ್ಕಿತು. ಸಂಜೆಯೊಳಗೆ ವಾರಿಜಕ್ಕ ಇನ್ನೊಂದು ಜಾಗ ಹುಡುಕಿದ್ದರು. ಕಾಲೇಜು ಹುಡುಗಿಯರ ಹಾಸ್ಟೆಲ್ಲು. ರಜೆಯಲ್ಲಿ ಖಾಲಿ ರೂಮುಗಳನ್ನು ಹೊರಗಿನವರಿಗೆ ಅಗ್ಗಕ್ಕೆ ಕೊಡುತ್ತಾರಂತೆ. ಆಸ್ಪತ್ರೆಗೆ ಹತ್ತು ನಿಮಿಷದ ನಡಿಗೆ, ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ಮೂರು ವಾರ ಅಲ್ಲಿಂದಲೇ ತಮ್ಮನಿಗೆ ಗಂಜಿ, ತೊವ್ವೆ ಒಯ್ದೆ.

ಮರುವರ್ಷ ರಾಯರು ತೀರಿಕೊಂಡರು. ಇನ್ನು ವಾರಿಜಕ್ಕ ಒಮ್ಮೆಯಾದರೂ ಎಲ್ಲಿಗಾದರೂ ಹೋಗಿ ಬರುತ್ತಾರೆ ಎಂದುಕೊಂಡೆವು. ಹದಿಮೂರನೆಯ ದಿನ ಮುಗಿದದ್ದೇ ಮಗ ಸುಧೀಂದ್ರ ಅವರನ್ನು ಖಾರಘರದ ತನ್ನ ಫ್ಲ್ಯಾಟಿಗೆ ಕರೆದೊಯ್ದ. ಹತ್ತೊಂಬತ್ತನೇ ಮಹಡಿ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೊರಟರೆ ಕತ್ತಲಾದ ಮೇಲೆ ಬರುವವರು. ಅವಳಿ ಮಕ್ಕಳಿಗೆ ಏಳು ವರ್ಷ. ನೋಡಲು ಹೋದಾಗ ವಾರಿಜಕ್ಕ ಒಂದು ಮಗುವಿಗೆ ಉಣಿಸುತ್ತಾ ಇನ್ನೊಂದರ ಬೂಟು ಬಿಚ್ಚುತ್ತಿದ್ದರು. ಅವರು ಕನ್ನಡದಲ್ಲಿ ಕೇಳಿದ್ದಕ್ಕೆ ಮಕ್ಕಳು ಹಿಂದಿಯಲ್ಲಿ ಉತ್ತರಿಸುತ್ತಿದ್ದವು.

"ಸುಧೀಂದ್ರ ಒಳ್ಳೆಯವ. ಸೊಸೆಯೂ ಒಳ್ಳೆಯವಳು. ಯಾರನ್ನೂ ದೂರುವ ಹಾಗಿಲ್ಲ, ಅದೇ ಕಷ್ಟ," ಎಂದವರು ದನಿ ತಗ್ಗಿಸಿದರು. "ನಂಗೊಂದು ರೂಮು ನೋಡ್ತೀಯಾ? ಡೊಂಬಿವಲಿಯಲ್ಲಾದ್ರೂ ಅಡ್ಡಿಲ್ಲ. ಒಬ್ಳಿಗೆ ಸಾಕಾಗುವಷ್ಟು."

"ನೋಡೋಣ ವಾರಿಜಕ್ಕ" ಎಂದೆ. ಸುಧೀಂದ್ರನಿಗೆ ಗೊತ್ತಾದರೆ ಏನೆಂದುಕೊಂಡಾನು ಎಂದು ಅಂಜಿ ಒಂದು ತಿಂಗಳು ಸುಮ್ಮನಿದ್ದೆ. ಹುಡುಕಲು ಹೊರಟ ಮೇಲೂ ಎಲ್ಲ ಕಡೆ ಒಂದೇ ಪ್ರಶ್ನೆ. ವಯಸ್ಸಾದ ಹೆಂಗಸು, ಒಬ್ಬಳೇ? ಮಗ ಇಲ್ಲವೇ? ಇದ್ದರೆ ಯಾಕೆ ಬೇರೆ? ಕಟ್ಟಡದ ಸೊಸೈಟಿಯವರು ಒಪ್ಪುವುದಿಲ್ಲ ಎಂದು ಏಜೆಂಟರು ಕೈ ಚೆಲ್ಲುವರು. ವಾರಿಜಕ್ಕ ಸಮುದ್ರದಾಚೆಯ ಊರಿನಲ್ಲಿ ನನಗೆ ಒಂದು ಸಂಜೆಯೊಳಗೆ ಹುಡುಕಿಕೊಟ್ಟಿದ್ದರು. ನನಗೆ ಇಲ್ಲೇ, ಲೋಕಲ್ ರೈಲು ಹೋಗುವಷ್ಟು ದೂರದಲ್ಲಿ, ಮೂರು ತಿಂಗಳು ಬೇಕಾಯಿತು. ಕೊನೆಗೆ ಡೊಂಬಿವಲಿ ಪೂರ್ವದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮನೆಯ ಪಕ್ಕದ ಒಂಟಿ ಕೋಣೆಯನ್ನು, ಅಲ್ಲಿಯವರ ಮಾತಿನಲ್ಲಿ ಖೋಲಿಯನ್ನು, ಕೊಡಲು ಒಪ್ಪಿದರು.

ಒಂದು ಮಂಗಳವಾರ, ಮಕ್ಕಳು ಶಾಲೆಗೆ ಹೋದ ಮೇಲೆ, ವಾರಿಜಕ್ಕ ಠಾಣೆಯಲ್ಲಿ ರೈಲು ಬದಲಿಸಿ ಒಬ್ಬರೇ ಅದನ್ನು ನೋಡಲು ಬಂದರು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಖೋಲಿಯ ನಲ್ಲಿ ತಿರುಗಿಸಿ ನೋಡಿದರು, ಬಚ್ಚಲಿನ ಬಾಗಿಲು ಹಾಕಿ ತೆಗೆದರು. ಆಮೇಲೆ ಖಾಲಿ ನೆಲದ ಮೇಲೆ ಕೂತು, "ನೀನು ಸ್ವಲ್ಪ ಹೊರಗೆ ನಿಲ್ತೀಯಾ?" ಎಂದರು.

ನಾನು ವರಾಂಡದಲ್ಲಿ ನಿಂತೆ. ಅರ್ಧ ಗಂಟೆ ಬಿಟ್ಟು ಇಣುಕಿದರೆ, ಚೀಲವನ್ನು ತಲೆಯಡಿ ಇಟ್ಟುಕೊಂಡು ನಿದ್ದೆ ಹೋಗಿದ್ದರು. ಚೀಲದೊಳಗೆ ಫೋನು ಬಡಿದುಕೊಳ್ಳುತ್ತಿತ್ತು, ಎಚ್ಚರವಾಗಲಿಲ್ಲ. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಮನೆಯೊಡತಿ ಚಹಾ ತಂದವರು ನೋಡಿ, ಸದ್ದಿಲ್ಲದೆ ಹಿಂದಕ್ಕೆ ಒಯ್ದರು. ಎರಡು ಗಂಟೆಯ ಮೇಲೆ ವಾರಿಜಕ್ಕ ತಾವಾಗಿಯೇ ಎದ್ದು, ಮುಖ ತೊಳೆದು, ಸೆರಗು ಸರಿ ಮಾಡಿಕೊಂಡರು. "ಮಕ್ಕಳ ಬಸ್ಸು ಬರುವ ಹೊತ್ತಾಯ್ತು" ಎಂದರು.

ಪ್ಲಾಟ್‌ಫಾರ್ಮಿನಲ್ಲಿ ಕೇಳಿದೆ, "ಹೇಗನ್ನಿಸಿತು?"

"ರೂಮು ಒಳ್ಳೆದುಂಟು. ನಂಗೇ ಧೈರ್ಯ ಸಾಲುದಿಲ್ಲ ಮಾರಾಯ್ತಿ. ಬೇರೆಯವರಿಗೆ ಕೊಡ್ಲಿಕ್ಕೆ ಹೇಳು."

ಠಾಣೆ ಕಡೆಯ ಗಾಡಿ ಬಂತು. ಹೆಂಗಸರ ಬೋಗಿಯ ನೂಕುನುಗ್ಗಲು ಅವರನ್ನು ಒಳಗೆ ಎಳೆದುಕೊಂಡಿತು. ತಿರುಗಿ ನೋಡಲು ಅಲ್ಲಿ ಜಾಗವಿರಲಿಲ್ಲ.

ಖೋಲಿ ಬೇಡವೆಂದು ನಾನು ಮನೆಯೊಡತಿಗೆ ಹೇಳಲಿಲ್ಲ. ಮುಂದಿನ ವಾರ ಅವರು ಫೋನ್ ಮಾಡಿ ಅಜ್ಜಿ ಬರುತ್ತಾರೆಯೇ ಎಂದು ಮರಾಠಿಯಲ್ಲಿ ಕೇಳಿದಾಗ, ಇನ್ನು ಕೆಲವು ದಿನ ಇರಲಿ ಎಂದೆ. ಆಮೇಲೂ ಹಾಗೇ ಎಂದೆ. ವಾರಿಜಕ್ಕ ಖೋಲಿ ನೋಡಿ ಹೋದ ಹದಿನೆಂಟನೇ ದಿನ ಸುಧೀಂದ್ರನ ಫೋನ್ ಬಂತು. ಅಡುಗೆಮನೆಯಲ್ಲಿ ಕುಸಿದ ಅಮ್ಮನನ್ನು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು ಎಂದ.

ಖಾರಘರಕ್ಕೆ ಹೋಗಿ ಬಂದೆ. ಖೋಲಿ ಬೇಡವೆಂದು ಡೊಂಬಿವಲಿಗೆ ತಿಳಿಸಲು ನನಗೆ ಇನ್ನೂ ಮೂರು ದಿನ ಹಿಡಿಯಿತು.