ಪಿತಿಕಿನ ಪಪ್ಪು

ನಮ್ಮತ್ತೆ ಚಿಂತಾಮಣಿ ಕಡೆಯವರು. ನೆನೆಸಿದ ಅವರೆಕಾಳನ್ನು ಹಿಸುಕಿ ಸಿಪ್ಪೆ ಬಿಡಿಸಿದ ಬೇಳೆಗೆ ಇಂದಿಗೂ ತೆಲುಗಿನಲ್ಲಿ ‘ಪಿತಿಕಿನ ಪಪ್ಪು’ ಎನ್ನುತ್ತಾರೆ. ಕಾಳು ಹಿಸುಕುತ್ತಾ ಅವರು ಹೇಳಿದ ತವರಿನ ಕಥೆಯೊಂದನ್ನು ಅದೇ ಹೆಸರಿಟ್ಟು ಸೋಶಿಯಲ್ ಮೀಡಿಯಾದಲ್ಲಿ ಹಾಕಿದೆ. ಸಂಜೆಯೊಳಗೆ ಪೋಸ್ಟಿನ ಕೆಳಗೆ ಜಗಳ ಶುರುವಾಯಿತು.

‘ಹಿತಕಿದ ಬೇಳೆ ಅನ್ರೀ, ಕನ್ನಡ ಬರಲ್ವಾ?’ ಎಂದು ಒಬ್ಬರು.

‘ನಮ್ಮ ಕಡೆ ಹಂಗೇ ಅನ್ನೋದು, ಕೇಳಕ್ಕೆ ನೀವ್ಯಾರು?’ ಎಂದು ಇನ್ನೊಬ್ಬರು.

ಕಥೆ ಓದಿದವರು ಒಬ್ಬರೂ ಕಾಣಲಿಲ್ಲ.

‘ನನ್ನ ಕಥೆಗೆ ಏನಂದ್ರಮ್ಮ ಜನ?’ ಎಂದು ಅತ್ತೆ ದಿನವೂ ಕೇಳುತ್ತಿದ್ದರು. ಏನೆಂದು ಹೇಳಲಿ? ಬರೆದದ್ದನ್ನಾದರೂ ಓದಿಹೇಳೋಣವೆಂದು ವಾರದ ಮೇಲೆ ಹುಡುಕಿದರೆ, ಅದು ಸೀರೆಯ ಜಾಹೀರಾತುಗಳ, ಗುಡ್ ಮಾರ್ನಿಂಗ್ ಗುಲಾಬಿಗಳ ಅಡಿಯಲ್ಲಿ ಎಲ್ಲೋ ಹೂತುಹೋಗಿತ್ತು. ರೇಗಿಹೋಯಿತು.

ಮದುವೆಯಾದ ಹೊಸದರಲ್ಲಿ ಮಾಡಿಕೊಂಡಿದ್ದ ಬ್ಲಾಗಿನ ಪಾಸ್‌ವರ್ಡ್ ಹೇಗೋ ನೆನಪಿಸಿಕೊಂಡೆ. ಹಳೆಯ ಬರಹಗಳೆಲ್ಲ ಇಟ್ಟಲ್ಲೇ ಇದ್ದವು. ಕಥೆಯನ್ನು ಅಲ್ಲಿ ಮತ್ತೆ ಬರೆದು ಅತ್ತೆಗೆ ಓದಿದೆ.

‘ಬೆರಳಲ್ಲಿ ಹಿಸುಕಿದ್ರು ಅಂತ ಬರ್ದಿದ್ದೀಯಲ್ಲಮ್ಮ, ಹೆಬ್ಬೆಟ್ಟಲ್ಲಿ ಅನ್ನು. ಕಾನ್ವೆಂಟಲ್ಲಿ ಓದಿದೋಳು, ಇಷ್ಟೂ ಗೊತ್ತಾಗಲ್ವಾ?’

ತಿದ್ದಿದೆ. ಇಷ್ಟು ದಿನಗಳಲ್ಲಿ ಕಥೆಯ ಬಗ್ಗೆ ಬಂದ ಮೊದಲ ಕಾಮೆಂಟ್ ಅದೇ.