ಹೂಕುಂಡದ ನೊರಜಿಗೆ ಕುಸುಮಾವತಿಯ ಮದ್ದು

ಕೊಚ್ಚಿಯ ಕಾಕ್ಕನಾಡಿನ ಐಟಿ ಕಚೇರಿಯೊಂದರ ಐದನೆಯ ಮಹಡಿಯಲ್ಲಿ ಇನ್ನೂ ದೀಪ ಹತ್ತಿಲ್ಲ. ಗಾಜಿನ ಗೋಡೆಯಾಚೆ ಆಕಾಶ ಆಗಷ್ಟೇ ಬೆಳ್ಳಗಾಗುತ್ತಿದೆ. ಖಾಲಿ ಕುರ್ಚಿಗಳ ನಡುವೆ ಮಂಡಿಯೂರಿ ಕುಳಿತ ಕುಸುಮಾವತಿ ಹೂಕುಂಡವೊಂದರ ಮಣ್ಣಿಗೆ ಬೆರಳು ಇಳಿಸುತ್ತಾರೆ. ಇನ್ನೂ ತೇವವಿದೆ. ಕುಂಡದ ಅಂಚಿಗೆ ಮೆಲ್ಲಗೆ ತಟ್ಟಿ ಕಾಯುತ್ತಾರೆ. ಏನೂ ಹಾರುವುದಿಲ್ಲ. "ನಿನಗೆ ಇವತ್ತು ನೀರು ಬೇಡ" ಎಂದು ಗಿಡಕ್ಕೇ ಹೇಳಿ, ಕ್ಯಾನು ಎತ್ತಿಕೊಂಡು ಮುಂದಿನ ಕುಂಡಕ್ಕೆ ಸರಿಯುತ್ತಾರೆ.

ಕಚೇರಿಗಳಿಗೆ ಗಿಡಗಳನ್ನು ಬಾಡಿಗೆಗೆ ಕೊಡುವ ನರ್ಸರಿಯಲ್ಲಿ ಅವರಿಗೆ ಕೆಲಸ. ದಿನಕ್ಕೆ ನಾಲ್ಕು ಕಚೇರಿ, ಇನ್ನೂರರ ಹತ್ತಿರ ಕುಂಡ. ಈ ಕಚೇರಿಯಲ್ಲಿ ಉದ್ಯೋಗಿಗಳು ಬರುವ ಮೊದಲೇ ಮುಗಿಸಿ ಹೊರಡಬೇಕು. ಹಾಗಾಗಿ ಇಲ್ಲಿನ ಗಿಡಗಳನ್ನು ನೋಡಿದವರು ನೂರಾರು ಮಂದಿ, ಕುಸುಮಾವತಿಯನ್ನು ನೋಡಿದವರು ಕಡಿಮೆ.

ಹುಟ್ಟೂರು ಕಾಸರಗೋಡಿನ ಬದಿಯಡ್ಕದ ಕಡೆ. ಮದುವೆಯಾಗಿ ಬಂದದ್ದು ಕೊಚ್ಚಿ ಪಕ್ಕದ ಏಲೂರಿಗೆ. ಗಂಡ ಅಚ್ಯುತ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಮೂಟೆ ಹೊರುತ್ತಿದ್ದವರು. ಉಬ್ಬಸ ಹೆಚ್ಚಾಗಿ ಮನೆಯಲ್ಲಿ ಕೂತ ಮೇಲೆ ಸಂಸಾರದ ಭಾರ ಇವರ ಮೇಲೆ ಬಿತ್ತು. ಆರಂಭದಲ್ಲಿ ನರ್ಸರಿಯವರು ಹುಳುವಿನ ಔಷಧಿ ಸಿಂಪಡಿಸುವ ಕೆಲಸವನ್ನೂ ಕೊಟ್ಟಿದ್ದರು. ಸಂಜೆ ಮನೆಗೆ ಬಂದರೆ ಸೀರೆಯ ವಾಸನೆಗೇ ಅಚ್ಯುತರಿಗೆ ಉಸಿರು ಕಟ್ಟುತ್ತಿತ್ತು. "ಒಂದು ದಿನ ಅವರನ್ನು ಆಸ್ಪತ್ರೆಗೆ ಒಯ್ಯಬೇಕಾಯ್ತು. ಮರುದಿನವೇ ಹೇಳಿದೆ, ನೀರು ಹೊಯ್ಯುವ ಕೆಲಸ ಉಂಟಾದ್ರೆ ಕೊಡಿ, ಸ್ಪ್ರೇ ಕ್ಯಾನು ಮಾತ್ರ ನಾನು ಮುಟ್ಟುವುದಿಲ್ಲ ಅಂತ." ಮಾಲೀಕರು ಒಪ್ಪಿದರು. ಆದರೆ ಸಂಬಳ ಇಳಿಯಿತು.

ಆ ಮಾತಿಗೆ ನಿಜವಾದ ಪರೀಕ್ಷೆ ಬಂದದ್ದು ಕಳೆದ ಮಳೆಗಾಲದಲ್ಲಿ. ಈ ಮಹಡಿಯಲ್ಲಿ ಸಣ್ಣ ಕರಿ ನೊರಜು ಎದ್ದಿತು. ಕಾಫಿ ಲೋಟದಲ್ಲಿ, ಕಂಪ್ಯೂಟರ್ ಪರದೆಯ ಮೇಲೆ, ಮಾತಾಡುವವರ ಮೂಗಿನ ಮುಂದೆ ಅದೇ. ಸ್ವಾಗತದ ಮೇಜಿನ ಆರ್ಕಿಡ್‌ಗಳ ಬುಡದಲ್ಲೂ ಅದೇ. ಕಟ್ಟಡದ ಉಸ್ತುವಾರಿ ವಿಲ್ಸನ್ ಅವರಿಗೆ ದಿನಾ ದೂರು. ವಾರಾಂತ್ಯಕ್ಕೆ ಔಷಧಿ ಹೊಡೆಸುತ್ತೇನೆ, ಆಗಲೂ ಹೋಗದಿದ್ದರೆ ಎಲ್ಲ ತೆಗೆದು ಪ್ಲಾಸ್ಟಿಕ್ ಗಿಡ ಇಡಿಸುತ್ತೇನೆ ಎಂದರು ಅವರು. ಗಿಡ ಹೋದರೆ ಕೆಲಸವೂ ಹೋಗುತ್ತದೆ. ಕುಸುಮಾವತಿ ಒಂದು ತಿಂಗಳು ಕಾಲಾವಕಾಶ ಬೇಡಿ ಪಡೆದರು.

ನೊರಜು ಮೊಟ್ಟೆಯಿಡುವುದು ಹಸಿ ಮಣ್ಣಿನಲ್ಲಿ. ಹಾಗಾಗಿ ನೀರು ಹಾಕುವುದನ್ನು ನಿಲ್ಲಿಸಿದರು. ಕುಂಡಗಳ ಮೇಲೆ ಒಣ ಮರಳು ಹರಡಿದರು, ಹಾರುವವು ಅಂಟಿಕೊಳ್ಳಲೆಂದು ಹಳದಿ ಅಂಟುಕಾರ್ಡು ಸಿಕ್ಕಿಸಿದರು. ಹತ್ತು ದಿನ ಕಳೆದರೂ ನೊರಜು ಇಳಿಯಲಿಲ್ಲ. ಬದಲಿಗೆ ಜರೀಗಿಡಗಳು ಬಾಡಿ ಸತ್ತವು. "ಅವುಗಳನ್ನು ಕೊಂದದ್ದು ನಾನೇ. ಎಲ್ಲ ಗಿಡಕ್ಕೂ ಒಂದೇ ಲೆಕ್ಕ ಹಿಡಿದೆ" ಎನ್ನುವಾಗ ಅವರ ದನಿ ಈಗಲೂ ಇಳಿಯುತ್ತದೆ.

ಕೆಲವು ಕುಂಡ ಮಾತ್ರ ತಾನು ನೀರು ಹಾಕದಿದ್ದರೂ ಒದ್ದೆಯಾಗಿರುವುದನ್ನು ಕಂಡು, ಒಂದು ದಿನ ಕೆಲಸ ಮುಗಿದ ಮೇಲೂ ಮೂಲೆಯಲ್ಲಿ ನಿಂತರು. ಕೆಲಸಕ್ಕೆ ಬಂದವರಲ್ಲಿ ಒಬ್ಬರು ಉಳಿದ ಚಹಾ ಕುಂಡಕ್ಕೆ ಸುರಿದರು. ಇನ್ನೊಬ್ಬರು ಬಾಟಲಿಯ ನೀರು ಖಾಲಿ ಮಾಡಿದರು. ಮೈಸೂರಿನ ಹುಡುಗಿ ಜೀವಿತಾ ತನ್ನ ಮೇಜಿನ ಪಕ್ಕದ ಗಿಡಕ್ಕೆ ಅಕ್ಕರೆಯಿಂದ ಲೋಟ ತುಂಬ ನೀರೆರೆದಳು. ಕುಸುಮಾವತಿ ಅಂಜುತ್ತಲೇ ಹತ್ತಿರ ಹೋದರು. ಅವಳು ಫೋನಿನಲ್ಲಿ ಕನ್ನಡ ಆಡುವುದನ್ನು ಕೇಳಿದ್ದರಿಂದ, ಕುತ್ತಿಗೆಯ ಕಾರ್ಡಿನಲ್ಲಿ ಹೆಸರು ಓದಿ, ತನ್ನ ಹೆಸರನ್ನೂ ಹೇಳಿ ಕನ್ನಡದಲ್ಲೇ ಮಾತಾಡಿಸಿದರು.

"ಅಯ್ಯೋ, ನಾನು ದಿನಾ ಹಾಕ್ತಿದ್ದೆ ಕುಸುಮಕ್ಕ. ಒಣಗಿಹೋಗತ್ತೇನೋ ಅಂತ" ಎಂದಳು ಜೀವಿತಾ.

"ಪ್ರೀತಿಯಿಂದ ಹಾಕಿದ್ದಲ್ವಾ, ಬೇಜಾರು ಬೇಡ. ಆದ್ರೆ ಇನ್ನು ಹಾಕ್ಬೇಡಿ ಮಾರಾಯ್ತಿ."

ವಿಲ್ಸನ್ ಅವರನ್ನು ಕೇಳಿ ಉದ್ಯೋಗಿಗಳ ಶುಕ್ರವಾರದ ಸಭೆಯಲ್ಲಿ ಎರಡು ನಿಮಿಷ ಕೊಡಿಸಿದವಳು ಜೀವಿತಾ. ಅಷ್ಟು ಜನರೆದುರು ಕುಸುಮಾವತಿ ಹಿಂದೆಂದೂ ನಿಂತವರಲ್ಲ. ಗಿಡಕ್ಕೆ ಬಾಯಾರಿದರೆ ನೋಡಿಕೊಳ್ಳಲು ನಾನಿದ್ದೇನೆ, ನೀವು ಏನನ್ನೂ ಸುರಿಯಬೇಡಿ ಎಂದು ಮಲಯಾಳಂನಲ್ಲಿ ಕೇಳಿಕೊಂಡರು. ಯಾರೂ ನಗಲಿಲ್ಲ. ಮುಂದಿನ ಸೋಮವಾರದಿಂದ ಮಣ್ಣು ಒಣಗತೊಡಗಿತು. ಅಂಟುಕಾರ್ಡುಗಳ ಮೇಲಿನ ಕಪ್ಪು ಚುಕ್ಕೆಗಳು ವಾರದಿಂದ ವಾರಕ್ಕೆ ತೆಳುವಾದವು.

ಆರ್ಕಿಡ್‌ಗಳದ್ದು ಬೇರೆಯೇ ಕತೆ. ಬೇರಿನ ಸುತ್ತಲಿನ ತೆಂಗಿನ ಸಿಪ್ಪೆ ಕೊಳೆತು ಅದೇ ನೊರಜಿನ ಗೂಡಾಗಿತ್ತು. ಎಸೆಯಲು ತೆಗೆದಿಟ್ಟಿದ್ದ ಅವನ್ನು ಕುಸುಮಾವತಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಏಲೂರಿಗೆ ಒಯ್ದರು. ಕೊಳೆತ ಬೇರು ಕತ್ತರಿಸಿ, ಇದ್ದಿಲು ಮತ್ತು ಹೆಂಚಿನ ಚೂರಿನಲ್ಲಿ ಮತ್ತೆ ಕೂರಿಸಿದರು. ಹಗಲು ಅವನ್ನು ನೆರಳಿನಿಂದ ನೆರಳಿಗೆ ಸರಿಸಿ ಕಾಯ್ದವರು ಅಚ್ಯುತ. ಎರಡು ಸತ್ತವು, ಆರು ಬದುಕಿದವು. ಹೊಸ ಬೇರಿನ ಹಸಿರು ತುದಿ ಮೊದಲು ಕಂಡದ್ದೂ ಅವರಿಗೇ. ಮಗುವಿಗೆ ಮೊದಲ ಹಲ್ಲು ಬಂದ ಹಾಗೆ ಹೆಂಡತಿಯನ್ನು ಕೂಗಿ ತೋರಿಸಿದರಂತೆ.

ಪ್ಲಾಸ್ಟಿಕ್ ಗಿಡದ ಮಾತು ಈಗ ಯಾರೂ ಎತ್ತುವುದಿಲ್ಲ. ತಿಂಗಳಿಗೊಮ್ಮೆ ವಿಲ್ಸನ್ ಅವರೇ ಕುಸುಮಾವತಿಯನ್ನು ತಿರುವನಂತಪುರದ ತಮ್ಮ ಕಂಪನಿಯ ಇನ್ನೊಂದು ಕಚೇರಿಗೂ ಕಳಿಸುತ್ತಾರೆ, ಅಲ್ಲಿನ ಕೆಲಸದವರಿಗೆ ಹೇಳಿಕೊಡಲು. ನಸುಕಿನ ರೈಲು ಹತ್ತಿ ಹೋಗಿ ರಾತ್ರಿಯೊಳಗೆ ಮರಳುತ್ತಾರೆ.

ಬೆಳಗಾಯಿತು. ಸ್ವಾಗತದ ಮೇಜಿನ ಮೇಲೆ, ಏಲೂರಿನಿಂದ ಮರಳಿ ಬಂದ ಆರು ಆರ್ಕಿಡ್‌ಗಳಲ್ಲಿ ಮೂರು ಬಿಳಿ ಹೂ ಬಿಟ್ಟಿವೆ. ಕುಸುಮಾವತಿ ಎಲೆಯ ಧೂಳೊರೆಸಿ, ಕ್ಯಾನು ಬದಿಗಿಟ್ಟು, ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಏನಾದರೂ ಆಸೆಯಿದೆಯೇ ಎಂದರೆ ಆ ಹೂಗಳತ್ತ ತಿರುಗುತ್ತಾರೆ.

"ಮನೆಯಲ್ಲಿ ಇವುಗಳನ್ನು ನೋಡಿಕೊಂಡದ್ದು ನಮ್ಮ ಯಜಮಾನರು. ಹೂ ಬಿಟ್ಟದ್ದು ಇಲ್ಲಿ. ಗೇಟಿನಲ್ಲಿ ಹೊರಗಿನವರನ್ನು ಬಿಡುವುದಿಲ್ಲ. ಹೂ ಉದುರುವ ಮೊದಲು ಅವರಿಗೆ ಒಂದು ದಿನದ ಪಾಸು ಸಿಗ್ತದಾ ಅಂತ ವಿಲ್ಸನ್ ಸಾರಲ್ಲಿ ಕೇಳ್ಬೇಕು."