ಕತ್ತೆ ಬಾಡಿಗೆಯ ಲಿಯೋನಿ

ಆರಿಹೋದ ಅಗ್ನಿಪರ್ವತಗಳ ವೆಲೆ ಸೀಮೆಗೆ ಮಕ್ಕಳುಮರಿ ಕಟ್ಟಿಕೊಂಡು ವಾರಗಟ್ಟಲೆ ನಡೆಯಲು ಬರುವವರಿಗೆ ಸಾಮಾನು ಹೊರುವ ಕತ್ತೆ ಬಾಡಿಗೆಗೆ ಕೊಡುವ ಲಿಯೋನಿಯಜ್ಜಿ, ಮಗಳನ್ನು ಧಾರೆಯೆರೆದು ಕೊಡುವವಳಿಗಿಂತ ಹೆಚ್ಚು ಸತಾಯಿಸುತ್ತಾಳೆ. ಎರಡೂ ಬದಿಯ ಚೀಲಗಳನ್ನು ತೂಗಿ, ಒಂದರಲ್ಲಿ ಒಂದು ಸೇಬು ಹೆಚ್ಚಿದ್ದರೂ ತೆಗೆಸುತ್ತಾಳೆ. ಪ್ಯಾರಿಸ್ಸಿನ ದೊಡ್ಡ ವಕೀಲನೇ ಇರಲಿ, ಬಗ್ಗಿ ಕತ್ತೆಯ ಗೊರಸು ಎತ್ತಿ, ಕೆರೆದು ಚೊಕ್ಕ ಮಾಡಿ ತೋರಿಸುವವರೆಗೆ ಹಗ್ಗ ಅವನ ಕೈಗೆ ಸಿಗದು. "ಅದು ನಿಂತ್ರೆ ನೀವೂ ನಿಂತ್ಕೊಳ್ಳಿ ವಕೀಲ್ರೇ, ಎಳೀಬೇಡಿ. ಅದು ಯೋಚ್ನೆ ಮಾಡ್ತಿರುತ್ತೆ. ನಿಮಗೂ ಆ ಅಭ್ಯಾಸ ಆದ್ರೆ ಒಳ್ಳೇದೇ" ಎಂದು ಹೆಂಡತಿ ಮಕ್ಕಳ ಎದುರೇ ಕುಟುಕುತ್ತಾಳೆ. ಜೋಡಿಯಲ್ಲಿ ಒಂದು ಕತ್ತೆ ಸತ್ತರೆ ಅದನ್ನು ಹಗಲಿಡೀ ಅಂಗಳದಲ್ಲೇ ಬಿಟ್ಟಿರುತ್ತಾಳೆ. ಉಳಿದ ಕತ್ತೆ ಅದನ್ನು ಮೂಸಿ, ಕಾಲಿನಿಂದ ಮೀಟಿ, ಪಕ್ಕದಲ್ಲಿ ನಿಂತು, ಸಂಜೆಗೆ ತಾನಾಗಿ ಹುಲ್ಲಿನ ಕಡೆ ತಿರುಗುತ್ತದೆ. ಹೆಣ ಒಯ್ಯಲು ಬಂದ ಲಾರಿಯವನು ಕಾದು ಕಾದು ಗೊಣಗಿದರೆ, "ನೋಡ್ಕೊಳ್ಳಲಿ ಬಿಡಪ್ಪ. ನೋಡ್ದೇ ಹೋದ್ರೆ ತಿಂಗಳುಗಟ್ಟಲೆ ಅರಚ್ಕೊಂಡು ಹುಡುಕುತ್ತೆ" ಎನ್ನುತ್ತಾಳೆ. ಅವಳ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅಲ್ಜೀರಿಯಾದ ಯುದ್ಧಕ್ಕೆ ಹೋಗಿದ್ದ ತಮ್ಮ ಎಮಿಲಿಯಾಂ ಸೀಸದ ಬೆಸುಗೆ ಹಾಕಿದ ಪೆಟ್ಟಿಗೆಯಲ್ಲಿ ಊರಿಗೆ ಬಂದಿದ್ದ. ಅದನ್ನು ತೆರೆಯಲು ಸೈನ್ಯದವರು ಬಿಟ್ಟಿರಲಿಲ್ಲ. ಈಗಲೂ, ನಡೆಯಲು ಹೋದ ಸಂಸಾರಗಳೆಲ್ಲ ಮರಳಿ, ಕತ್ತೆಗಳೆಲ್ಲ ಕೊಟ್ಟಿಗೆ ಸೇರಿದ ಮೇಲೂ, ಲಿಯೋನಿ ಗೇಟಿಗೆ ಅಗುಳಿ ಹಾಕುವುದಿಲ್ಲ. ಕರಿಕಲ್ಲಿನ ಗೋಡೆಗೆ ಕೈಯೂರಿ, ಇನ್ನೂ ಒಂದಿಷ್ಟು ಹೊತ್ತು ದಾರಿ ನೋಡುತ್ತಾಳೆ.